ಒಂದು ಚಿಟಿಕೆ ಮೊಳಕೆ ಹಿಟ್ಟು

ದುರಗಮ್ಮ ರೊಟ್ಟಿಯ ಚೂರನ್ನು ನುಣ್ಣಗೆ ಅಗಿದು, ಬೆರಳ ತುದಿಯಿಂದ ತೆಗೆದು ಮೊಮ್ಮಗನ ತುಟಿಗೆ ಇಡುವಷ್ಟರಲ್ಲಿ ಸೊಸೆ ರೇವತಿ ಒಳಗೆ ಬಂದಳು. ಸೊಂಟದ ಮೇಲಿನ ಕೊಡ ಇಳಿಸುವ ತನಕವೂ ತಡೆಯಲಿಲ್ಲ.

"ಬ್ಯಾಡ್ರಿ ಅತ್ತಿ! ದೊಡ್ಡವರ ಎಂಜಲಾ ಕೂಸಿಗಿ ಹಾಕಬ್ಯಾಡ್ರಿ ಅಂತ ಡಾಕ್ಟರು ಹೇಳಿಲ್ಲೇನ್ರಿ?"

"ನಿನ್ನ ಗಂಡ ಇದ ಎಂಜಲಾ ತಿಂದು ಬೆಳದಾನ. ಈಗ ಹತ್ತಿ ಅಂಡಿಗಿ ಎತ್ತಾಕತ್ತಾನ. ಅವಗ ಏನ ಆಗ್ಯಾದ?" ಎಂದು ದುರಗಮ್ಮ ಮೂಗು ಮುರಿದಳು. ಆದರೂ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಮಗ ಯಂಕಣ್ಣ ಬೆಳಗಾದರೆ ಶಹಾಪುರದ ಹತ್ತಿ ಮಿಲ್ಲಿಗೆ ಮೂಟೆ ಹೊರಲು ಹೋಗಿಬಿಡುತ್ತಿದ್ದ. ಸುರಪುರದ ದಾರಿಯ ಆ ಹಳ್ಳಿಯ ಮನೆಯಲ್ಲಿ ಹಗಲೆಲ್ಲ ಅತ್ತೆ ಸೊಸೆ ಇಬ್ಬರೇ, ನಡುವೆ ಬೀರೇಶ. ವರ್ಷ ತುಂಬಿದ ಕೂಸನ್ನು ಜ್ವರ, ಭೇದಿ ಎರಡೂ ಸೇರಿ ಹಿಂಡಿ ಹಾಕಿದ್ದವು. ಜ್ವರ ಬಿಟ್ಟರೂ ಊಟ ಹತ್ತಲಿಲ್ಲ. ಗಟ್ಟಿ ಗಂಜಿ ಕೊಟ್ಟರೆ ಉಗುಳುತ್ತಿದ್ದ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಕುಡಿಯುತ್ತಿದ್ದ, ಆದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ ಹೋಗುತ್ತಿತ್ತು. ಅಂಗನವಾಡಿಯ ಗುರುದೇವಿ ಟೀಚರು ಅವನನ್ನು ತೂಗಿ ನೋಡಿ, "ಬರೋ ಸಲ ಮುಳ್ಳು ಮ್ಯಾಲ ಏರಲಿಲ್ಲಂದ್ರ ಯಾದಗಿರಿ ದವಾಖಾನ್ಯಾಗ ಅಡ್ಮಿಟ್ ಮಾಡಬೇಕಾಗ್ತದ್ರಿ" ಎಂದಿದ್ದಳು. ಅಂದಿನಿಂದ ಇಬ್ಬರೂ ಹೆಂಗಸರಿಗೆ ಒಂದೇ ಭಯ. ಕೂಸಿಗೆ ಉಣಿಸುವುದು ಇನ್ನೊಬ್ಬಳಿಗೆ ಗೊತ್ತಿಲ್ಲ ಎಂಬ ನಂಬಿಕೆಯೂ ಇಬ್ಬರದು ಒಂದೇ.

ದುರಗಮ್ಮನ ಪ್ರಕಾರ ಗಂಜಿ ಎಂದರೆ ಅದರಲ್ಲಿ ಚಮಚ ನೆಟ್ಟಗೆ ನಿಲ್ಲಬೇಕು. ತೆಳ್ಳನೆಯ ಗಂಜಿ ಕಾಸುವವರು ಗತಿಯಿಲ್ಲದವರು, ಇಲ್ಲವೇ ಕರುಳಿಲ್ಲದವರು. ತಮ್ಮ ಮನೆಯಲ್ಲಿ ಗತಿಗೇನೂ ಕೊರತೆಯಿರಲಿಲ್ಲ.

ರೇವತಿ ಮುದನಾಳದ ಮಗಳು, ಯಾದಗಿರಿಗೆ ಓಡಾಡಿಕೊಂಡು ಸೈನ್ಸಿನಲ್ಲಿ ಪಿಯುಸಿ ಮುಗಿಸಿದವಳು. ಅತ್ತೆಯನ್ನು ಗದರಿದ ಮೇಲೆ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಪಾತ್ರೆ ತಿಕ್ಕುತ್ತ ಕೂತಾಗ ಪಾರ್ವತೆಮ್ಮ ಮಿಸ್ಸು ನೆನಪಾದರು. ಒಮ್ಮೆ ಅವರು ಕ್ಲಾಸಿನಲ್ಲಿ ಎಲ್ಲರಿಗೂ ರೊಟ್ಟಿಯ ತುಂಡು ಹಂಚಿ, ನುಂಗದೆ ಅಗಿಯುತ್ತ ಕೂತಿರಿ ಎಂದಿದ್ದರು. ಅಗಿಯುತ್ತ ಅಗಿಯುತ್ತ ಖಾಲಿ ರೊಟ್ಟಿ ಸಿಹಿಯಾಗಿತ್ತು. ಎಂಜಲಿನಲ್ಲಿರುವ ಕಿಣ್ವ ಹಿಟ್ಟಿನ ಉದ್ದನೆಯ ಸರಪಳಿಯನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ, ಮೊಳಕೆಯೊಡೆಯುವ ಕಾಳಿನಲ್ಲೂ ಅಂಥದೇ ಕಿಣ್ವ ಹುಟ್ಟುತ್ತದೆ ಎಂದು ಹೇಳಿಕೊಟ್ಟಿದ್ದರು.

ರೇವತಿ ಕೈ ತೊಳೆದು ಎದ್ದವಳೇ ಒಂದು ಬೊಗಸೆ ಸಜ್ಜೆ ನೆನೆಹಾಕಿದಳು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಕಾಳನ್ನು ಬೀಸಿ ಡಬ್ಬಿಗೆ ತುಂಬಿದಳು. ಜೋಳದ ಗಂಜಿ ಕೊತಕೊತ ಕುದಿಯುವಾಗ ಒಂದು ಚಿಟಿಕೆ ಉದುರಿಸಿ, ಹಿಟ್ಟಿನ ಸರಪಳಿ ತುಂಡಾಗಿ ನೀರು ಬೆರೆಸದೆಯೇ ತೆಳ್ಳಗಾಗುತ್ತದೆಂದು ಕಾದಳು. ಗಂಜಿ ಇದ್ದಂತೆಯೇ ಇತ್ತು.

"ಆತೇನವ್ವ ನಿನ್ನ ಪಿಯುಸಿ ಗಂಜಿ?" ಎಂದು ದುರಗಮ್ಮ ನಕ್ಕಳು.

ರೇವತಿಗೆ ಅಳುವೇ ಬಂತು. ಹಾಸಿಗೆಯಲ್ಲಿ ಮಗ್ಗುಲಿಗಿದ್ದ ಕೂಸಿನ ಪಕ್ಕೆಲುಬು ಸವರುತ್ತಿದ್ದಾಗ ತಪ್ಪು ಹೊಳೆಯಿತು. ಕಿಣ್ವಕ್ಕೆ ಹದವಾದ ಬಿಸಿ ಬೇಕು, ಕುದಿಗೆ ಬಿದ್ದರೆ ಅದು ಕೆಟ್ಟು ಕೂರುತ್ತದೆ.

ಮರುದಿನ ಗಂಜಿಯನ್ನು ಬಟ್ಟಲಿಗೆ ಬಡಿಸಿ, ಬೆರಳು ತಾಳುವಷ್ಟು ಆರಿದ ಮೇಲೆ ಹಿಟ್ಟು ಉದುರಿಸಿ ತಿರುವಿದಳು. ಅಷ್ಟರಲ್ಲಿ ಓಣಿಯಲ್ಲಿ ನಳ ಬಂತೆಂಬ ಕೂಗೆದ್ದಿತು. ಕೊಡ ಎತ್ತಿಕೊಂಡು ಓಡಿದಳು.

ಬೀರೇಶನನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ ದುರಗಮ್ಮ ಬಟ್ಟಲು ನೋಡಿ ಹೌಹಾರಿದಳು. ಗಂಜಿ ನೀರಾಗಿತ್ತು.

"ಅಯ್ಯ ಶಿವನ, ಕೂಸಿಗಿ ಬರೇ ನೀರು ಕುಡಸಾಕತ್ತಾಳಲ್ಲ ಇಕಿ!"

ಪಾತ್ರೆಯಲ್ಲಿ ಉಗುರುಬೆಚ್ಚಗಿದ್ದ ಗಟ್ಟಿ ಗಂಜಿಯನ್ನು ಒಂದು ಸೌಟು ಬಟ್ಟಲಿಗೆ ಬಡಿದು ತಿರುವಿದಳು. ಈಗ ಹದಕ್ಕೆ ಬಂತು ಎಂದುಕೊಂಡು ಕೂಸಿನ ಮೂಗು ಒರೆಸಿ, ಟೋಪಿ ಸರಿ ಮಾಡಿ, ಎದುರಿಗೆ ಕೂರಿಸಿಕೊಂಡು ನೋಡುತ್ತಾಳೆ, ಮತ್ತೆ ತೆಳ್ಳಗಾಗಿದೆ. ಇನ್ನೊಂದು ಸೌಟು ಹಾಕಿದಳು. ಅದೂ ಕರಗಿತು. ಮತ್ತೊಂದೂ ಹಾಗೇ ಆದ ಮೇಲೆ ದುರಗಮ್ಮ ಸೌಟು ಬಿಟ್ಟು, ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ರೇವತೀ! ಲಗೂನ ಬಾರ ನಮ್ಮವ್ವ! ಗಂಜಿಗಿ ಯಾರೋ ಭಾನಾಮತಿ ಮಾಡ್ಯಾರ!"

ರೇವತಿ ಓಡಿ ಬಂದಳು. ಪಾತ್ರೆ ಅರ್ಧ ಖಾಲಿಯಾಗಿತ್ತು, ಬಟ್ಟಲು ತುಂಬಿ ತುಳುಕುತ್ತಿತ್ತು, ಅತ್ತೆಯ ಕಣ್ಣಲ್ಲಿ ನೀರಿತ್ತು. ಏನಾಗಿದೆ ಎಂಬುದು ತಿಳಿದೊಡನೆ ಅವಳಿಗೆ ನಗು ತಡೆಯಲಾಗಲಿಲ್ಲ.

"ನಗ್ತೀ ಏನ? ನನ್ನ ಜೀವಾ ಇಲ್ಲಿ ಪುಕುಪುಕು ಅಂತದ."

"ಭಾನಾಮತಿ ಅಲ್ರಿ ಅತ್ತಿ. ಒಂದ ಹನಿ ನೀರೂ ಯಾರೂ ಹಾಕಿಲ್ಲ. ನೀವು ಹಾಕಿದ್ದ ಗಂಜಿ ಎಲ್ಲಾ ಇದರಾಗ ಅದ. ರೊಟ್ಟಿ ಅಗದ್ರ ನಿಮ್ಮ ಬಾಯಾಗ ಏನ ಆಗ್ತದ, ಅದ ಕೆಲಸಾ ಈ ಮೊಳಕಿ ಹಿಟ್ಟು ಮಾಡ್ತದ."

"ಕಾಳಿಗಿ ಎಲ್ಲೀವ ಹಲ್ಲು?"

"ಹಲ್ಲಲ್ರಿ, ಕತ್ತರಿ ಅನ್ಕೋರಿ. ಎಷ್ಟ ಬಟ್ಟಿ-ಅರಿವಿ ಕತ್ತರಿಸಿದ್ರೂ ಕತ್ತರಿ ಹಂಗ ಉಳೀತದಲ್ಲ? ಅದಕ್ಕ ಚಿಟಿಕಿ ಹಿಟ್ಟು ಸಾಕು. ನೀವು ಹಾಕ್ಕೋತ ಹೋದ್ರಿ, ಅದು ಕತ್ತರಿಸ್ಕೋತ ಹೋತು."

ದುರಗಮ್ಮ ಡಬ್ಬಿಯ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಸಜ್ಜಿಗಿ ಯಾಕ ಬೇಕಾಗಿತ್ತು ಈ ಕತ್ತರಿ?"

"ಮೊಳಕಿ ಸಲುವಾಗಿ. ಅದಕ್ಕಿನ್ನೂ ಎಲಿ ಇಲ್ಲ, ಸರಿಯಾಗಿ ಬೇರಿಲ್ಲ. ತಾನ ದುಡದು ತಿನ್ನಾಕ ಬರಂಗಿಲ್ಲ. ಕಾಳು ತನ್ನ ಹೊಟ್ಟ್ಯಾಗಿನ ಹಿಟ್ಟು ಕರಗಿಸಿ ಅದಕ್ಕ ಕೊಡ್ತದ."

"ಅಂದ್ರ," ಎಂದು ದುರಗಮ್ಮ ಮೆಲ್ಲಗೆ ಹೇಳಿದಳು, "ತನ್ನ ಕೂಸಿಗಿ ಅಗದು ಉಣಸ್ತದ."

ಪಾರ್ವತೆಮ್ಮ ಮಿಸ್ಸು ಇದನ್ನು ಹೀಗೆ ಹೇಳಿರಲಿಲ್ಲ. ರೇವತಿಗೆ ಅತ್ತೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. "ಹೌದ್ರಿ" ಎನ್ನುತ್ತ ಚಮಚವನ್ನು ಅವಳ ಕೈಗಿತ್ತಳು. "ನೀವ ಉಣಸ್ರಿ."

ಬೀರೇಶ ಮೊದಲ ಚಮಚಕ್ಕೆ ಮುಖ ಕಿವುಚಿದ. ನಾಲಿಗೆಗೆ ಸಿಹಿ ಹತ್ತಿದ ಮೇಲೆ ಹಕ್ಕಿಮರಿಯಂತೆ ಬಾಯಿ ತೆರೆದು ಕೂತುಬಿಟ್ಟ. ಅಜ್ಜಿಯ ಕೈ ತಡವಾದರೆ "ಊಂ" ಎಂದು ಜಬರಿಸಿದ.

ಅಂದಿನಿಂದ ಡಬ್ಬಿಯ ಯಜಮಾನಿಕೆ ದುರಗಮ್ಮನದು. ಓಣಿಯ ಹೆಂಗಸರು ಕೇಳಲಿ ಬಿಡಲಿ, "ಕುದಿಯೂದ್ರಾಗ ಹಾಕಬ್ಯಾಡ್ರೆವ್ವ, ಸತ್ತು ಹೋಗ್ತದ" ಎಂದು ಪಾಠ ಹೇಳತೊಡಗಿದಳು.

ತೂಕದ ದಿನ ಅಂಗನವಾಡಿಯಲ್ಲಿ ಬೀರೇಶನನ್ನು ಜೋಲಿಯಲ್ಲಿ ಕೂರಿಸಿದಾಗ ಇಬ್ಬರೂ ಮುಳ್ಳು ನೋಡುವ ಧೈರ್ಯವಿಲ್ಲದೆ ಕೂಸನ್ನೇ ನೋಡಿದರು. "ಏರ್ಯಾದ್ರಿ ಅವ್ವಾರ! ಯಾದಗಿರಿಗೇನೂ ಹೋಗೂದು ಬ್ಯಾಡ," ಎಂದಳು ಗುರುದೇವಿ. ದುರಗಮ್ಮ ಗಡಿಬಿಡಿಯಿಂದ ಮೊಮ್ಮಗನನ್ನು ಎತ್ತಿಕೊಂಡು, ದೃಷ್ಟಿಯಾದೀತೆಂದು ಸೆರಗು ಹೊದಿಸಿ ಹೊರಟೇಬಿಟ್ಟಳು.

ಬೇವಿನ ಮರ ದಾಟುವಷ್ಟರಲ್ಲಿ ಅವಳಿಗೆ ಏದುಸಿರು ಬಂತು.

"ಇಲ್ಲಿ ಕೊಡ್ರಿ ಅತ್ತಿ. ಭಾರ ಆಗ್ಯಾನ."

"ಭಾರ ಅಂತ ನಾ ಅಂದ್ನೇನ?" ಎಂದು ದುರಗಮ್ಮ ಗದರಿದಳು. ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು, ಸೊಸೆಗಿಂತ ಮುಂದೆ ನಡೆದಳು.