ಅಟ್ಟದ ಕಾಯಿ

ಜೀಪಿಗೆ ದಿನಕ್ಕೆ ಐನೂರು, ಡೀಸೆಲ್ ಬೇರೆ. ಮೈಕ್ ಸೆಟ್ಟಿಗೆ ನೂರಿಪ್ಪತ್ತು. ಆ ಮೈಕ್ ಹಿಡಿದು ‘ನಿಮ್ಮ ಮನೆಮಗಳು, ಸರಳ ಸಜ್ಜನಿಕೆಯ ಸುಮಿತ್ರಮ್ಮನವರು’ ಎಂದು ಅರಚುವವನಿಗೆ ಎಂಬತ್ತು. ಗಂಟಲು ಕಟ್ಟಿದರೆ ಮೆಣಸಿನ ಹಾಲಿನ ಖರ್ಚೂ ಅಭ್ಯರ್ಥಿಯದೇ. ಸಾವಿರ ಕರಪತ್ರಕ್ಕೆ ನೂರೈವತ್ತು. ಜೈಕಾರ ಹಾಕುವವರಿಗೆ ತಲೆಗೆ ಐವತ್ತು, ಮಧ್ಯಾಹ್ನ ಬಿರಿಯಾನಿ, ಸಂಜೆಯ ಬಾಬತ್ತು ಬೇರೆ. ಬಿರಿಯಾನಿಯ ದುಡ್ಡನ್ನು ಅಭ್ಯರ್ಥಿಯ ಗಂಡ ಏಕಾಂತಯ್ಯ ಮುಖ ಆಚೆ ತಿರುಗಿಸಿಕೊಂಡು ಕೊಡುತ್ತಿದ್ದ. ಮಾಂಸ ಮುಟ್ಟದ ಮನೆತನ. ನೋಡದೆ ಕೊಟ್ಟರೆ ದೋಷವಿಲ್ಲ ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ.

ಇದೆಲ್ಲ ಸೇರಿ ಒಂದು ವೋಟಿಗೆ ಎಷ್ಟು ಬೀಳುತ್ತದೆ ಎಂದು ಸುಮಿತ್ರಮ್ಮ ಅಡುಗೆಮನೆಯಲ್ಲಿ ಕೂತು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ನೋಡಿದಳು. ಆ ಲೆಕ್ಕ ಅವಳನ್ನು ಯಾರೂ ಕೇಳಲಿಲ್ಲ. ಚುನಾವಣೆಗೆ ನಿಲ್ಲುತ್ತೀಯಾ ಎಂದೂ ಯಾರೂ ಕೇಳಿರಲಿಲ್ಲ.

ಅದು ಎರಡು ಸಾವಿರದ ಇಸವಿ. ಹಿಂದಿನ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಏಕಾಂತಯ್ಯ ಒಬ್ಬ ಅಭ್ಯರ್ಥಿಯ ಹಿಂದೆ ಹಾರದ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ಸುತ್ತಿದ್ದ. ಆ ಅಭ್ಯರ್ಥಿ ಗೆದ್ದು ಶಾಸಕನಾದ ಮೇಲೆ ಏಕಾಂತಯ್ಯನ ಹೆಸರನ್ನು ಮರೆತ. ಮುಖ ಮಾತ್ರ ನೆನಪಿತ್ತಂತೆ, ಕಂಡಾಗ ‘ಏನ್ರೀ ಕೊಬ್ಬರಿ’ ಎನ್ನುತ್ತಿದ್ದ. ಅಷ್ಟಕ್ಕೇ ಏಕಾಂತಯ್ಯ ಉಬ್ಬಿ ಹೋಗಿದ್ದ. ಮೊದಲು ಜಿಲ್ಲಾ ಪಂಚಾಯ್ತಿ, ಆಮೇಲೆ ವಿಧಾನಸೌಧ, ಮೆಟ್ಟಿಲು ಒಂದೊಂದೇ ಹತ್ತಬೇಕು ಎಂದು ತನ್ನ ಕೊಬ್ಬರಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಮೀಸಲಾತಿ ಪಟ್ಟಿ ಬಂತು. ಹಳೇಬೀಡಿನ ಕ್ಷೇತ್ರ ಮಹಿಳೆಗೆ. ಏಕಾಂತಯ್ಯ ಒಂದು ದಿನ ಊಟ ಬಿಟ್ಟ. ಎರಡನೇ ದಿನ ಹೆಂಡತಿಯ ಒಂದು ಫೋಟೋ ಹುಡುಕಿಕೊಂಡು ಬೇಲೂರಿನ ಪ್ರೆಸ್ಸಿಗೆ ಹೋದ.

ಪೋಸ್ಟರ್ ಬಂದಾಗ ಮಗಳು ಸಿರಿ ಅದನ್ನು ಗೋಡೆಗೆ ಹಿಡಿದು ನಕ್ಕಳು.

‘ಅಮ್ಮಾ, ನೀನೆಲ್ಲಿದ್ದೀಯ ಹುಡುಕು ನೋಡಣ.’

ಮೇಲೆ ಶಾಸಕರು, ನಡುವೆ ಪೇಟ ಸುತ್ತಿ ಕೈ ಮುಗಿದ ಏಕಾಂತಯ್ಯ, ಕೆಳಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಸುಮಿತ್ರಮ್ಮ. ಅದೂ ನಾದಿನಿಯ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಹೆಗಲ ಮೇಲೆ ಯಾರದೋ ಕೈ ಉಳಿದುಕೊಂಡಿತ್ತು.

ಎದುರಾಳಿ ಅನುಸೂಯಮ್ಮ, ಬಸ್ಸಿನ ಮಾಲೀಕನ ಹೆಂಡತಿ. ಆಕೆ ಮನೆಗೊಂದು ಸ್ಟೀಲ್ ಚೊಂಬು ಹಂಚುತ್ತಿದ್ದಾಳೆ ಎಂಬ ಸುದ್ದಿ ಬಂದ ದಿನ ಏಕಾಂತಯ್ಯನ ಜಗಲಿಯಲ್ಲಿ ಸಭೆ ಸೇರಿತು. ಸಭೆಯ ತಲೆ ಲಕ್ಕಪ್ಪ. ಇವನು ಚುನಾವಣೆ ಬಂದಾಗ ಮಾತ್ರ ಇಸ್ತ್ರಿ ಅಂಗಿ ಹಾಕುವವನು. ಐದು ಚುನಾವಣೆ ಮಾಡಿಸಿದ್ದ, ನಾಲ್ಕು ಸೋಲಿಸಿದ್ದ, ಆದರೂ ಅವನಿಲ್ಲದೆ ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

‘ಚೊಂಬು ಯಾರ್ ಬೇಕಾರೂ ಕೊಡ್ತಾರೆ ಯಜಮಾನ್ರೇ,’ ಎಂದ ಲಕ್ಕಪ್ಪ. ‘ಚೊಂಬು ಇಸ್ಕೊಂಡು ವೋಟು ಬೇರೆಯೋರಿಗೆ ಒತ್ತುದ್ರೆ ಯಾವ ದೇವ್ರೂ ಕೇಳಲ್ಲ. ಕಾಯಿ ಕೊಡಿ. ಅರಿಶಿನ ಕುಂಕುಮ ಇಟ್ಟು ಮುತ್ತೈದೆ ಕೈಲಿ ಕಾಯಿ ಇಸ್ಕೊಂಡ ಮೇಲೆ ಮಾತು ಕೊಟ್ಟಂಗೆ. ತಪ್ಪುದ್ರೆ ಮನೆಗೆ ಒಳ್ಳೇದಾಗಲ್ಲ ಅಂತ ಹೆಂಗಸ್ರು ಎದ್ರುತಾರೆ.’

ಆ ಸೀಮೆಯಲ್ಲಿ ಅದು ನಿಜವೇ. ಆದರೆ ಕಾಯಿಗೆ ಆ ವರ್ಷ ನುಸಿರೋಗ ಬಡಿದಿತ್ತು. ಸಂತೆಯಲ್ಲಿ ನಾಲ್ಕು ರೂಪಾಯಿ ಕೊಟ್ಟರೂ ಮುಷ್ಟಿಯಷ್ಟು ಕಾಯಿ. ಮೂರು ಸಾವಿರ ಮನೆಗೆ ಹನ್ನೆರಡು ಸಾವಿರ ರೂಪಾಯಿ. ಏಕಾಂತಯ್ಯ ತಲೆ ಕೆರೆದುಕೊಂಡ, ಮೇಲೆ ನೋಡಿದ, ಅಟ್ಟ ಕಂಡಿತು.

ಅಟ್ಟದಲ್ಲಿ ಆರು ಸಾವಿರ ಕಾಯಿ ಇದ್ದವು. ಸುಮಿತ್ರಮ್ಮನ ಅಪ್ಪ ಮದುವೆಯಲ್ಲಿ ಕೊಟ್ಟ ಎರಡೆಕರೆ ತೋಟದ ಕಾಯಿ. ಆ ತೋಟದ ಹುಟ್ಟುವಳಿ ಅವಳದು ಎಂದು ಮಾವನ ಕಾಲದಲ್ಲೇ ಮಾತಾಗಿತ್ತು. ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ದಸರೆ ಕಳೆದ ಮೇಲೆ ಒಡೆಸಿ ಅರಸೀಕೆರೆ ಮಾರುಕಟ್ಟೆಗೆ ಸಾಗಿಸುವುದು. ಬೆಲೆ ಬಿದ್ದಿದ್ದರೂ ಇಪ್ಪತ್ತು ಸಾವಿರಕ್ಕೆ ಮೋಸವಿಲ್ಲ. ಸಿರಿ ಹಾಸನದಲ್ಲಿ ನರ್ಸಿಂಗ್ ಸೇರಲು ಹದಿನೆಂಟು ಸಾವಿರ ಬೇಕಿತ್ತು. ಏಕಾಂತಯ್ಯನ ದೃಷ್ಟಿಯಲ್ಲಿ ಹುಡುಗಿ ಓದಿದ್ದು ಸಾಕಾಗಿತ್ತು. ಆದ್ದರಿಂದ ಸಿರಿಯ ಓದು ಅಂತ ಇದ್ದದ್ದು ಆ ಅಟ್ಟದಲ್ಲಿ ಮಾತ್ರ.

‘ರೀ, ಅದು ಒಣಗಕ್ಕೆ ಹಾಕಿರೋ ಕಾಯಿ,’ ಎಂದಳು ಸುಮಿತ್ರಮ್ಮ. ‘ಏಳು ತಿಂಗಳಾಗಿದೆ. ನೀರು ಅರ್ಧ ಇಂಗಿ ಹುಳಿ ಬಂದಿರುತ್ತೆ. ಈಗ ಇಳಿಸಿದ್ರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ.’

ಲಕ್ಕಪ್ಪ ಒಂದು ಕಾಯಿ ಸುಲಿಸಿ, ಜುಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದ. ‘ಕೇಳ್ರಮ್ಮೋರೇ, ಹೆಂಗೆ ಗುಳುಗುಳು ಅಂತೈತೆ! ನೀರಿಲ್ಲ ಅಂತೀರಲ್ಲ.’

‘ತುಂಬಿದ ಕಾಯಿ ಅಷ್ಟು ಸದ್ದು ಮಾಡಲ್ಲ ಲಕ್ಕಪ್ಪ. ಸದ್ದು ಮಾಡ್ತಿದೆ ಅಂದ್ರೇನೇ ಹಳೇದು.’

ಏಕಾಂತಯ್ಯ ಇಪ್ಪತ್ತೈದು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವನು. ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದದ್ದನ್ನು ಹನ್ನೆರಡು ಸಾವಿರ ರೂಪಾಯಿ ಉಳಿತಾಯದ ಕೆಳಗೆ ಅದುಮಿಟ್ಟ.

‘ವೋಟಿನ ಕಾಯಿ ಕಣೇ, ಯಾರು ಒಡೆದು ನೋಡ್ತಾರೆ? ಭಾನುವಾರ ವೋಟು. ಅಲ್ಲೀಗಂಟ ಇದ್ರೆ ಸಾಕು. ನೀನು ಸುಮ್ನೆ ಕೈ ಮುಗಿದು ನಗು. ಅದನ್ನಾದ್ರೂ ನೆಟ್ಟಗೆ ಮಾಡು.’

ಮೂರು ಸಾವಿರ ಕಾಯಿ ಇಳಿಯಿತು. ಎರಡು ದಿನ ಸುಲಿದರು, ಆಮೇಲೆ ಹಂಚಿದರು. ಕುಂಕುಮ ಇಟ್ಟೂ ಇಟ್ಟೂ ಸುಮಿತ್ರಮ್ಮನ ಬೆರಳು ಕೆಂಪಾಯಿತು. ಬಸ್ತಿಹಳ್ಳಿಯಲ್ಲಿ ಮುದುಕಿಯೊಬ್ಬಳು ಕಾಯಿಯನ್ನು ಕಣ್ಣಿಗೊತ್ತಿಕೊಂಡಾಗ ಅವಳಿಗೆ ತಲೆ ಎತ್ತಲಾಗಲಿಲ್ಲ. ಏಕಾಂತಯ್ಯ ಮಾತ್ರ ಕಂಡವರ ಹೆಗಲ ಮೇಲೆ ಕೈ ಹಾಕಿ, ಮಕ್ಕಳ ಮೂಗು ಒರೆಸಿ, ಯಾರ ಮನೆ ನಾಯಿಯನ್ನೂ ಬಿಡದೆ ಸವರಿ ಬರುತ್ತಿದ್ದ. ಜೀಪು ಹತ್ತಿದ ಮೇಲೆ ಬಾಟಲಿ ನೀರಿನಿಂದ ಕೈ ತೊಳೆಯುತ್ತಿದ್ದ.

ಗುರುವಾರ ಬೆಳಿಗ್ಗೆ ಅವನು ಉತ್ಸಾಹದಲ್ಲಿ ಹೇಳಿದ: ‘ಜನ ಹೆಂಗೆ ಇಸ್ಕೋತಾವ್ರೆ ನೋಡಿದ್ಯಾ? ಉಳಿದ ಮೂರು ಸಾವಿರಾನೂ ನಾಳೆ ಇಳಿಸಿಬಿಡಣ. ಮನೆಗೆರಡು.’

ಸಿರಿ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

ಅವತ್ತು ಹೋದದ್ದು ಕೆರೆ ಏರಿಯಾಚೆಯ ಕಾಲೋನಿಗೆ. ನೂರೈವತ್ತು ಮನೆ, ಮನೆಗೊಬ್ಬರಂತೆ ಸಂಬಳದ ಕೆಲಸದವರು. ಕೇರಿಯ ಬಾಯಿ ಮಾತ್ರ ಮುತ್ತಮ್ಮ. ಅವಳು ಇಪ್ಪತ್ತು ವರ್ಷ ಏಕಾಂತಯ್ಯನ ಮಂಡಿಯಲ್ಲಿ ಕೊಬ್ಬರಿ ಕೆತ್ತಿದವಳು. ಎಷ್ಟೋ ಕಾರ್ತಿಕ ಮಾಸದಲ್ಲಿ ಅವಳೂ ಸುಮಿತ್ರಮ್ಮನೂ ಒಂದೇ ರಾಶಿಯ ಎರಡು ಬದಿ ಕೂತು ಕಾಯಿ ಬಡಿದು ವಿಂಗಡಿಸಿದ್ದರು.

ಸುಮಿತ್ರಮ್ಮ ಕುಂಕುಮ ಇಟ್ಟು ಕಾಯಿ ಕೊಟ್ಟಳು. ಮುತ್ತಮ್ಮ ಅದನ್ನು ಅಲ್ಲಾಡಿಸಲಿಲ್ಲ. ಉಗುರಿನಿಂದ ಒಂದು ಸಲ ತಟ್ಟಿದಳು, ಅಷ್ಟೇ. ಆಮೇಲೆ ಸುಮಿತ್ರಮ್ಮನ ಮುಖ ನೋಡಿದಳು. ಸುಮಿತ್ರಮ್ಮ ಕಣ್ಣು ಕೆಳಗೆ ಹಾಕಿದಳು.

‘ಅಮ್ಮಾರೇ, ಕಾಯಿ ಕೊಟ್ಟು ನಮ್ಮ ಮಾತು ಇಸ್ಕೋತಾ ಇದೀರಿ. ಸರಿ,’ ಎಂದಳು ಮುತ್ತಮ್ಮ. ‘ನಮ್ಮ ಕೇರೀಲೂ ಒಂದು ಪದ್ಧತಿ ಐತೆ. ಮಾತಿನ ಕಾಯೀನ ಕೊಟ್ಟೋರೇ ಚೌಡಮ್ಮನ ಮುಂದೆ ಒಡೀಬೇಕು. ಗೆದ್ದು ಏನು ಮಾಡ್ತೀನಿ ಅಂತ ಏಳಿ ಒಡೀಬೇಕು.’

ಏಕಾಂತಯ್ಯ ಹಲ್ಲು ಬಿಟ್ಟ. ‘ಏನು ಮುತ್ತಮ್ಮ, ನಿನ್ನ ಮಗಳು ಇಸ್ಕೂಲ್ ಮೇಡಮ್ಮು, ಮನೇಲಿ ಬುದ್ಧನ ಪಟ ಹಾಕವಳಂತೆ. ಇನ್ನೂ ಕಾಯಿ ಗೀಯಿ ಅಂತೀಯ?’

‘ಬುದ್ಧ ಸ್ವಾಮಿ ಕಾಯಿ ಕೇಳಲ್ಲ ಬುದ್ದಿ. ಕಾಯಿ ತಂದೋರು ನೀವು.’

ಹಿಂದಿನಿಂದ ಹೆಂಗಸರು ಕಿಸಕ್ಕನೆ ನಕ್ಕರು. ಲಕ್ಕಪ್ಪ ಬುದ್ಧಿವಂತ. ಜೀಪಿಗೆ ಓಡಿ ಮುಂದಿನ ಸೀಟಿನ ಕೆಳಗಿದ್ದ ಒಂದು ಹೊಸ ಕಾಯಿ ತಂದ. ಊರು ಊರಿನ ಗುಡಿಯಲ್ಲಿ ಏಕಾಂತಯ್ಯನ ಹೆಸರಿನಲ್ಲಿ ಒಡೆಸಲು ಸಂತೆಯಿಂದ ಕೊಂಡಿದ್ದ ಒಂದು ಡಜನ್ ಒಳ್ಳೆಯ ಕಾಯಿ ಅಲ್ಲಿದ್ದವು. ದೇವರಿಗೆ ಒಳ್ಳೆಯದು, ಜನಕ್ಕೆ ಅಟ್ಟದ್ದು.

‘ಇದ ಒಡೀರಿ ಅಮ್ಮೋರೇ, ಇದು ದಪ್ಪಗೈತೆ,’ ಎಂದು ಕಣ್ಣು ಮಿಟುಕಿಸಿದ.

ಚೌಡಮ್ಮನ ಕಲ್ಲಿನ ಮುಂದೆ ಸುಮಿತ್ರಮ್ಮ ನಿಂತಳು. ಎಡಗೈಯಲ್ಲಿ ಲಕ್ಕಪ್ಪನ ಕಾಯಿ, ಬಲಗೈಯಲ್ಲಿ ಮುತ್ತಮ್ಮ ತಿರುಗಿ ಕೊಟ್ಟ ಕಾಯಿ. ಎಡಗೈಯದು ಒಡೆದರೆ ಬೆಳ್ಳಗೆ ಬಿರಿಯುತ್ತದೆ, ಕಾಲೋನಿ ಒಪ್ಪುತ್ತದೆ, ನಾಳೆ ಬೆಳಿಗ್ಗೆ ಅಟ್ಟಕ್ಕೆ ಏಣಿ ಹಾಕುತ್ತಾರೆ. ಅಟ್ಟ ಖಾಲಿಯಾದ ಮೇಲೆ ಸಿರಿಗೆ ಏನೂ ಇಲ್ಲ. ಗಂಡ ಗೆದ್ದು ಸಂಪಾದಿಸಿ ಮಗಳನ್ನು ಓದಿಸುತ್ತಾನೆ ಎಂದು ನಂಬುವಷ್ಟು ಅವಳು ಅವನಿಗೆ ಹೊಸಬಳಲ್ಲ.

‘ಏನು ಮಾಡ್ತೀನಿ ಅಂತ ಏಳಿ ಅಮ್ಮಾರೇ,’ ಎಂದಳು ಮುತ್ತಮ್ಮ.

‘ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ ಮುತ್ತಮ್ಮ. ಗೆದ್ರೆ ಮೀಟಿಂಗಿಗೆ ಹೋಗೋರು ಇವರು. ನಾನು ಸಹಿ ಹಾಕೋಳು. ಸುಳ್ಳು ಯಾಕೆ ಹೇಳಲಿ.’

ಹೀಗೆಂದವಳೇ ಎಡಗೈಯ ಕಾಯಿಯನ್ನು ಕೆಳಗಿಟ್ಟು, ಮುತ್ತಮ್ಮನ ಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದಳು.

ಬೂದು ಬಣ್ಣದ ನೀರು ಏಕಾಂತಯ್ಯನ ಪಂಚೆಗೆ ಸಿಡಿಯಿತು. ಒಳಗೆ ತಿರುಳು ಕಪ್ಪಿಟ್ಟು ಲೋಳೆಯಾಗಿತ್ತು. ವಾಸನೆಗೆ ಮುಂದಿದ್ದವರು ಸೆರಗನ್ನು ಮೂಗಿಗೆ ಹಿಡಿದರು. ಹಿಂದೆ ನಿಂತಿದ್ದ ಐವತ್ತು ರೂಪಾಯಿಯವನೊಬ್ಬ ಕಾಯಿ ಒಡೆದ ಸದ್ದು ಕೇಳಿದ ಕೂಡಲೇ ಅಭ್ಯಾಸಬಲದಿಂದ ‘ಸುಮಿತ್ರಮ್ಮನವರಿಗೇ...’ ಎಂದು ಕೂಗಿದ. ಉಳಿದವರೂ ದುಡ್ಡಿಗೆ ಮೋಸ ಮಾಡದೆ ‘ಜೈ!’ ಎಂದರು.

‘ಚೌಡಮ್ಮ ಒಲ್ಲೆ ಅಂದ್ಲು,’ ಎಂದಳು ಮುತ್ತಮ್ಮ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಒಂದು ಚೊಂಬು ನೀರು ತಂದು ಸುಮಿತ್ರಮ್ಮನ ಕೈ ಮೇಲೆ ತಾನೇ ಹೊಯ್ದಳು. ‘ಬರ್ರೀ, ಕೈ ತೊಳ್ಕಳಿ. ಬಿಸ್ಲಿಗೆ ಬಂದಿದೀರ.’

ಮನೆಗೆ ಬಂದು ಪಂಚೆ ಬಿಚ್ಚಿ ಎಸೆದ ಮೇಲೆ ಏಕಾಂತಯ್ಯನಿಗೆ ಬಾಯಿ ಬಂತು.

‘ಮೂವತ್ತು ವರ್ಷ ಕಾಯಿ ನೋಡಿದೋಳು ನೀನು! ಒಳ್ಳೇದು ಯಾವ್ದು ಕೆಟ್ಟದು ಯಾವ್ದು ಅಂತ ತೂಗಿ ನೋಡಕ್ಕೆ ಬರಲ್ವೇನೇ ನಿಂಗೆ?’

‘ಬರುತ್ತೆ,’ ಎಂದಳು ಸುಮಿತ್ರಮ್ಮ. ‘ಬಂದಿದ್ದಕ್ಕೇ ಅದನ್ನ ಒಡೆದೆ.’

ಸುದ್ದಿಗೆ ಜೀಪು ಬೇಕಾಗಿರಲಿಲ್ಲ. ಸಂಜೆಯ ಬಸ್ಸುಗಳೊಂದಿಗೆ ಅದು ಎಲ್ಲ ಹಳ್ಳಿಗೂ ಹೋಯಿತು. ದೇವರು ಒಲ್ಲೆ ಎಂದ ಕಾಯಿಯ ಜೊತೆಯವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ, ಕೊಟ್ಟವರಿಗೇ ಮುಟ್ಟಿಸಬೇಕು. ಶುಕ್ರವಾರ ಬೆಳಗಾಗುವುದರೊಳಗೆ ಜನ ಬರತೊಡಗಿದರು. ಬುಟ್ಟಿಯಲ್ಲಿ, ಚೀಲದಲ್ಲಿ, ಸೈಕಲ್ ಕ್ಯಾರಿಯರಿನಲ್ಲಿ. ಒಬ್ಬನಂತೂ ಅನುಸೂಯಮ್ಮ ಕೊಟ್ಟ ಸ್ಟೀಲ್ ಚೊಂಬಿನ ಬಾಯಿ ಮೇಲೆ ಕಾಯಿ ಕೂರಿಸಿಕೊಂಡು ಕಳಶದಂತೆ ಹಿಡಿದು ತಂದ. ಕಾಯಿ ಇಟ್ಟು ಚೊಂಬು ಒಯ್ದ. ಯಾರೂ ಬೈಯಲಿಲ್ಲ. ‘ತಗಳಿ ಅಮ್ಮಾ ನಿಮ್ದು’ ಎಂದು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಬೈದಿದ್ದರೆ ಏಕಾಂತಯ್ಯನಿಗೆ ವಾಸಿಯಿತ್ತು. ಅವನು ಮೂರು ದಿನ ದೇವರ ಮನೆ ಬಿಟ್ಟು ಹೊರಗೆ ಬರಲಿಲ್ಲ. ತನಗೆ ಜ್ವರ ಎಂದು ಊರವರಿಗೆ ಹೇಳಿಸಿದ. ಲಕ್ಕಪ್ಪ ಶನಿವಾರ ಅನುಸೂಯಮ್ಮನ ಜೀಪಿನಲ್ಲಿ ಮೈಕ್ ಹಿಡಿದು ಕೂತಿದ್ದ, ಅದೇ ಇಸ್ತ್ರಿ ಅಂಗಿ. ‘ನಿಮ್ಮ ಮನೆಮಗಳು, ಸರಳ ಸಜ್ಜನಿಕೆಯ’ ಎನ್ನುವವರೆಗೆ ಅದೇ ಮಾತು, ಹೆಸರು ಮಾತ್ರ ಬೇರೆ.

ಭಾನುವಾರ ಸುಮಿತ್ರಮ್ಮ ಹೋಗಿ ವೋಟು ಹಾಕಿ ಬಂದಳು. ಯಾರಿಗೆ ಎಂದು ಯಾರಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಅವಳೂ ಸಿರಿಯೂ ಹಿತ್ತಿಲಲ್ಲಿ ಕೂತು ಬಂದ ಕಾಯಿ ಒಡೆಯತೊಡಗಿದರು. ಸುಲಿದ ಕಾಯಿ ಮತ್ತೆ ಅಟ್ಟ ಸೇರಿದರೆ ಬಿರಿದು ಹೋಗುತ್ತದೆ. ಕೆಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯ ಹೋಳುಗಳನ್ನು ಮೋಡದ ಸಂದಿಯ ಬಿಸಿಲಿಗೆ ಒಣಗಿಸಿ, ಎಣ್ಣೆ ಗಾಣದವನಿಗೆ ಕೊಟ್ಟರು. ಮುತ್ತಮ್ಮ ನಾಲ್ಕು ದಿನ ಕೂಲಿಗೆ ಬಂದಳು. ಅವಳೂ ಸುಮಿತ್ರಮ್ಮನೂ ಮತ್ತೆ ಒಂದೇ ರಾಶಿಯ ಎರಡು ಬದಿ ಕೂತರು.

ಅನುಸೂಯಮ್ಮ ಗೆದ್ದಳು, ಪ್ರಮಾಣವಚನ ಅವಳು ತೆಗೆದುಕೊಂಡಳು, ಕುರ್ಚಿಯಲ್ಲಿ ಅವಳ ಗಂಡ ಕೂತ. ಸುಮಿತ್ರಮ್ಮನಿಗೆ ಬಿದ್ದದ್ದು ಮುನ್ನೂರ ಹನ್ನೊಂದು ವೋಟು, ಠೇವಣಿ ಹೋಯಿತು. ಏಕಾಂತಯ್ಯನ ಕೈಯಿಂದ ಐವತ್ತೆರಡು ಸಾವಿರ ಹೋಯಿತು. ಹಂಚಿದ ಕಾಯಿ ಗಾಣಕ್ಕೆ ಹೋಗಿ ನಾಲ್ಕು ಸಾವಿರ ಬಂತು, ಅಟ್ಟದಲ್ಲೇ ಉಳಿದ ಮೂರು ಸಾವಿರ ಕಾಯಿ ದಸರೆ ಕಳೆದು ಕೊಬ್ಬರಿಯಾಗಿ ಹತ್ತೂವರೆ ಸಾವಿರ ತಂದವು. ಕಡಿಮೆ ಬಿದ್ದ ಮೂರೂವರೆ ಸಾವಿರಕ್ಕೆ ಸುಮಿತ್ರಮ್ಮ ತನ್ನ ಎರಡು ಬಳೆ ಮಾರಿದಳು. ಕಾಯಿ ಇಳಿಸಿದವನು ಗಂಡನಾದರೂ ಊರಿನವರ ಬಾಯಲ್ಲಿ ‘ಕೊಳೆತ ಕಾಯಿ ಸುಮಿತ್ರಮ್ಮ’ ಎಂಬ ಹೆಸರು ಉಳಿದದ್ದು ಅವಳಿಗೆ. ಸಿರಿ ನವೆಂಬರಿನಲ್ಲಿ ಹಾಸನಕ್ಕೆ ಹೋಗಿ ನರ್ಸಿಂಗ್ ಸೇರಿದಳು.