ಕ್ಯಾಪ್ಟನ್‌ನ ಗುರುತು

ಅಮೆರಿಕದ ಮೇನ್ ಕರಾವಳಿಯ ಆ ಪುಟ್ಟ ದ್ವೀಪದಲ್ಲಿ ದೋಣಿಯ ವೇಳೆ ಬದಲಾದರೆ ಊರಿಗೆಲ್ಲ ತಿಳಿಸಬೇಕಾದವಳು ಊರ ಕಚೇರಿಯ ಎವಿಸ್. ಹೋದ ವಾರ ತಿಳಿಸಲಿಲ್ಲ. ದೋಣಿಯ ಕ್ಯಾಪ್ಟನ್ ಎಲ್ಬ್ರಿಜ್ ಕಳಿಸಿದ್ದ ಇಮೇಲ್ ಸ್ಪ್ಯಾಮ್‌ಗೆ ಬಿದ್ದಿತ್ತು. ಜನ ದೋಣಿಕಟ್ಟೆಯ ಮೇಲೆ ನಿಂತು, ಆಗಲೇ ಹೊರಟಿದ್ದ ದೋಣಿಯ ಬೆನ್ನು ನೋಡಿದರು. ಈ ಶನಿವಾರ ಶಾಲೆಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಫೈನಲ್ ಆಚೆ ದಡದಲ್ಲಿ. ದೋಣಿ ತಪ್ಪಿದರೆ ಆಡದೆಯೇ ಸೋತಂತೆ.

ಸಮುದ್ರದ ಹವಾಮಾನ ವರದಿಗಳನ್ನು ಓದಿ ಓದಿ ಎಲ್ಬ್ರಿಜ್‌ಗೂ ಅವುಗಳಂತೆಯೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಕೂಗಿದ ಹಾಗೆ ಬರೆಯುವ ಚಾಳಿ. ಸ್ಪ್ಯಾಮ್ ಜರಡಿ ಅವನನ್ನು ಲಾಟರಿ ಮಾರುವವನೆಂದು ಬಗೆದಿತ್ತು.

ಅವನ ಹೆಸರಿದ್ದರೆ ಒಳಗೆ ಬಿಡು ಎಂದು ಜರಡಿಗೆ ಹೇಳುವುದು ಸುಲಭವಿತ್ತು. ಎವಿಸ್ ಕೈ ಹಿಂದೆಗೆದಳು. ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ದೋಣಿ ಕಂಪನಿಯ ವಿಳಾಸದಿಂದ ಹೊರಟ ಇಮೇಲಿಗಾದರೆ ಅಲ್ಲಿನ ಸರ್ವರ್ ತನ್ನ ಡಿಜಿಟಲ್ ಸಹಿ ಹಾಕುತ್ತದೆ. ಆ ವಿಳಾಸವಿದ್ದು, ಸಹಿಯೂ ತಾಳೆಯಾದರೆ ಮಾತ್ರ ಬಿಡು ಎಂದು ನಿಯಮ ಬರೆದಳು. ಆದರೆ ಎಲ್ಬ್ರಿಜ್ ಬರೆಯುತ್ತಿದ್ದದ್ದು ಸ್ವಂತ ವಿಳಾಸದಿಂದ. ಇನ್ನು ಮುಂದೆ ಕಂಪನಿಯದರಿಂದಲೇ ಬರಿ ಎಂದು ಫೋನ್ ಮಾಡಿ ಹೇಳಿದಳು.

"ಮೂವತ್ತು ವರ್ಷದಿಂದ ನಾನೇ ನಾನಾಗಿದೀನಿ, ಎವಿಸ್. ಅದಕ್ಕೂ ಸಾಕ್ಷಿ ಬೇಕಾ?"

"ನನಗೆ ಬೇಡ ಮಾರಾಯ, ಕಂಪ್ಯೂಟರಿಗೆ ಬೇಕು. ಅದು ಇನ್ನೂ ನಿನ್ನ ದೋಣಿ ಹತ್ತಿಲ್ಲ."

ಶುಕ್ರವಾರ ಮಧ್ಯಾಹ್ನ ಅವಳು ಭಯದಿಂದ ಮೊದಲು ಸ್ಪ್ಯಾಮ್ ಅನ್ನೇ ತೆರೆದಳು. ಎಲ್ಬ್ರಿಜ್‌ನ ಹೆಸರಲ್ಲಿ ಒಂದು ಇಮೇಲ್ ಕೂತಿತ್ತು: ಪ್ರಿಯ ಎವಿಸ್, ನಾಳೆಯ ದೋಣಿ ರದ್ದಾಗಿದೆ, ಟಿಕೆಟ್ ಹಣ ವಾಪಸ್ ಪಡೆಯಲು ದಯವಿಟ್ಟು ಇಲ್ಲಿ ಒತ್ತಿ. ಆದರೆ ಕಂಪನಿಯ ಸಹಿಯಿಲ್ಲ. ಅಲ್ಲದೆ ಎಲ್ಬ್ರಿಜ್ ಜನ್ಮದಲ್ಲಿ ಯಾರಿಗೂ ದಯವಿಟ್ಟು ಎಂದವನಲ್ಲ.

ಇನ್‌ಬಾಕ್ಸಿನಲ್ಲಿ, ಸಹಿ ತಾಳೆಯಾಗಿ, ಎಂದಿನ ದೊಡ್ಡಕ್ಷರಗಳಲ್ಲಿ ಇನ್ನೊಂದಿತ್ತು: ಶನಿವಾರ ಆರಕ್ಕೆ. ಏಳಕ್ಕಲ್ಲ. ಗಾಳಿ ಇದೆ. ಹುಡುಗಿಯರು ತಿಂಡಿ ದೋಣಿಯಲ್ಲೇ ತಿನ್ನಲಿ.

ಆದರೂ ಅವಳು ಫೋನ್ ಎತ್ತಿದಳು.

"ಸಹಿ ಸಾಲಲಿಲ್ವಾ?" ಅವನು ನಗುತ್ತಿದ್ದ.

"ಸಹಿ ಕಂಪ್ಯೂಟರಿಗೆ. ಫೋನು ನನ್ನ ನಿದ್ದೆಗೆ."

ಆಮೇಲೆ ಒಂದು ಮನೆಯನ್ನೂ ಬಿಡದೆ ತಿಳಿಸಿದಳು.

ಶನಿವಾರ ಬೆಳಗ್ಗೆ ಹುಡುಗಿಯರೆಲ್ಲ ಬ್ಲೂಬೆರಿ ಮಫಿನ್‌ಗಳೊಂದಿಗೆ ದೋಣಿ ಹತ್ತಿದರು. ಆಟ ನೋಡಲು ಹೊರಟ ಎವಿಸ್ ಕೊನೆಯವಳು.

"ಹತ್ತುತೀಯಾ, ಇಲ್ಲಾ ಮೊದಲು ನನ್ನ ಗುರುತು ನೋಡ್ತೀಯಾ?" ಎಂದು ಎಲ್ಬ್ರಿಜ್ ತಿರುಗಿ, ಜಾಕೆಟ್ಟಿನ ಬೆನ್ನ ಮೇಲೆ ಹೊಲಿದ ಕಂಪನಿಯ ಹೆಸರು ತೋರಿಸಿದ.

ಎವಿಸ್ ಅದನ್ನು ಪೂರ್ತಿ ಓದಿದಳು. ಆಮೇಲೆ ಹತ್ತಿದಳು.