ಆರ್ಗನ್ ಸೇರುವ ಜಾಗ

ಬರೀ ಗಂಟಲು ನಂಬಿಕೊಂಡು ದೇವರ ಸ್ತೋತ್ರ ಹಾಡುವವರಿಗೆ ಒಂದೇ ಕಾಟ, ಹಾಡುತ್ತ ಹಾಡುತ್ತ ಶ್ರುತಿ ಇಳಿಯುವುದು. ಎಲ್ಲರೂ ಒಟ್ಟಿಗೆ ಇಳಿದರೆ ಕೇಳುವವರಿಗೆ ಪತ್ತೆಯೇ ಆಗದು. ಆದರೆ ಚರ್ಚಿನ ಹಾಡುಗುಂಪಿನ ಮೇಷ್ಟ್ರು ಈ ಸಲ ಆರಿಸಿದ ಹೊಸ ಸ್ತೋತ್ರವನ್ನು ಬರೆದ ಪುಣ್ಯಾತ್ಮ ಕೊನೆಯ ಚರಣಕ್ಕೆ ಆರ್ಗನ್ ವಾದ್ಯ ಸೇರಿಸಿಬಿಟ್ಟಿದ್ದ. ಆರ್ಗನ್ ಯಾರ ಮುಲಾಜಿಗೂ ಇಳಿಯುವುದಿಲ್ಲ. ಅದು ಬಾಯಿ ತೆರೆದರೆ ಹಾಡುವವರ ಬಣ್ಣ ಬಯಲು.

ಅಭ್ಯಾಸದಲ್ಲಿ ಗುಂಪಿನವರು ಪ್ರತಿಸಲವೂ ಅಲ್ಲೇ ಎಡವುತ್ತಿದ್ದರು. ಕೆಳಸ್ವರದವರಿಂದಲೇ ಇಳಿಯುತ್ತಿದೆ ಎಂಬಷ್ಟು ಮೇಷ್ಟ್ರಿಗೆ ಗೊತ್ತಿತ್ತು. ಆ ಸ್ವರ ಹಾಡುವವರು ಇಬ್ಬರೇ, ಅಕ್ಕ ಮತ್ತು ತಂಗಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ತಂಗಿ, ಅಕ್ಕನ ದನಿ ಕಿವಿಯ ಬುಡದಲ್ಲೇ ಇಳಿಯುವುದನ್ನು ವಾರಗಟ್ಟಲೆ ಕೇಳಿದ್ದಳು. ಪಾಪ, ವಯಸ್ಸಾಯಿತು ಎಂದುಕೊಂಡಿದ್ದಳು. ನಿನ್ನೆ ಮೇಷ್ಟ್ರು ಒತ್ತಾಯ ಮಾಡಿ ಕೇಳಿದಾಗ ತಡೆಯಲಾರದೆ ಅಕ್ಕನ ಹೆಸರು ಹೇಳಿಬಿಟ್ಟಳು.

ಕಾರ್ಯಕ್ರಮಕ್ಕೆ ಮುಂಚೆ, ಕೋಟು ನೇತುಹಾಕುವ ಕೋಣೆಯಲ್ಲಿ, ಅಕ್ಕ ತಂಗಿಯ ಕಾಲರ್ ಸರಿಮಾಡುತ್ತ ಸುದ್ದಿ ಹೇಳಿದಳು. ಹೊಸ ಸ್ತೋತ್ರಕ್ಕೆ ತಾನು ಬರೀ ತುಟಿ ಆಡಿಸಬೇಕಂತೆ. ನಾಳೆಯಿಂದ ಬರುವುದೇ ಬೇಡವಂತೆ. ಚಾಡಿ ಹೇಳಿದ್ದು ಯಾರೆಂದು ಮಾತ್ರ ಅವಳು ಕೇಳಲಿಲ್ಲ. ತಂಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹಳೆಯ ಸ್ತೋತ್ರ ಹೇಗೋ ದಡ ಸೇರಿತು. ಬೆನ್ನಿಗೇ ಹೊಸದು ಶುರುವಾಯಿತು. ಅಕ್ಕನ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಇನ್ನು ಇಳಿಸುವವರೇ ಇಲ್ಲವಲ್ಲ ಎಂದು ತಂಗಿ ಧೈರ್ಯ ತಂದುಕೊಂಡು ಹಾಡಿದಳು. ಆದರೂ ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಅವರ ಬೆರಳು ಮೇಲೆ, ಇನ್ನೂ ಮೇಲೆ ಎಂದು ಇವಳತ್ತಲೇ ಆಡುತ್ತಿತ್ತು.

ಅಯ್ಯೋ, ನಾನೇ!

ದನಿಯನ್ನು ಮೇಲಕ್ಕೆ ಎಳೆಯಲು ಹೋದಳು, ಆಗಲಿಲ್ಲ. ಮೇಷ್ಟ್ರು ಆರ್ಗನ್ ನುಡಿಸುವವನ ಕಡೆ ತಿರುಗಿ ಕೈ ಎತ್ತಿದರು. ತಂಗಿ ಬಾಯಿ ಮುಚ್ಚಿ ಅಕ್ಕನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು. ಅಕ್ಕ ಅವಳ ಮುಖವನ್ನೊಮ್ಮೆ ನೋಡಿದಳು, ದನಿ ತೆಗೆದಳು. ಇಡೀ ಗುಂಪು ಅವಳ ಸ್ವರ ಹಿಡಿದು ಏರಿತು. ಆರ್ಗನ್ ಬಂದು ಕೂಡಿಕೊಂಡಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಚಪ್ಪಾಳೆಯ ಸದ್ದಿನಲ್ಲಿ ತಂಗಿ ಪಿಸುಗುಟ್ಟಿ ಕೇಳಿದಳು, ಮತ್ತೆ ಇಷ್ಟು ದಿನ ನೀನು ಯಾಕೆ ಇಳಿಯುತ್ತಿದ್ದೆ ಎಂದು.

"ನೀನೊಬ್ಳೇ ಇಳಿದ್ರೆ ಸಿಕ್ಕಿಬೀಳ್ತಿದ್ದೆ ಕಣೇ," ಎಂದಳು ಅಕ್ಕ. "ಇಬ್ರೂ ಇಳಿದ್ರೆ ಯಾರದು ಅಂತ ಯಾರಿಗೆ ಗೊತ್ತಾಗತ್ತೆ?"

ಕೋಟಿನ ಕೋಣೆಗೆ ಮೇಷ್ಟ್ರು ಹಿಗ್ಗುತ್ತ ಬಂದರು. ತಂಗಿಯ ಬೆನ್ನು ತಟ್ಟಿದರು. ಅಕ್ಕ ಅಲ್ಲೇ ಇದ್ದಾಳೆ ಎಂಬ ಪರಿವೆಯೂ ಇಲ್ಲದೆ, "ನೋಡಿದ್ಯೇನಮ್ಮ, ನೀನು ನಿಮ್ಮಕ್ಕನ ಹೆಸರು ಹೇಳಿದ್ದು ಒಳ್ಳೇದೇ ಆಯ್ತು," ಎಂದರು.

ಅಕ್ಕ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು. ತಂಗಿಗೆ ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

"ಹಾಡಿದ್ದು ಅಕ್ಕ, ಸರ್," ಎಂದಳು. "ಇಳಿಸ್ತಿದ್ದೋಳು ನಾನು."